ನಲವತ್ತು ದಿನ ಬ್ರೆಡ್ ಬಿಟ್ಟಿದ್ದೆ

ಬೆಲ್ಮುಲೆಟ್, ಮೇಯೋ
೧೬ ಮೇ ೧೯೭೧, ಭಾನುವಾರ

ಪ್ರೀತಿಯ ಫೆಸ್ಟಿ,

ಹೇಗಿದ್ದೀಯ? ಲಂಡನ್ನಿನ ಸುರಂಗ ಕೆಲಸದ ಧೂಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಬಿಟ್ಟಿದೆ ಎಂದೇ ಬರೆಯುತ್ತೀಯ, ನನಗೆ ಗೊತ್ತು; ಆದರೂ ಕೇಳದೆ ಇರಲಾರೆ. ನಿನ್ನ ಅಮ್ಮನಿಗೆ ಮಂಡಿನೋವು ಹಾಗೇ ಇದೆ. ಆದರೂ ಚರ್ಚಿಗೆ ನನಗಿಂತ ಮೊದಲೇ ತಯಾರಾಗಿ ಬಾಗಿಲಲ್ಲಿ ನಿಂತಿರುತ್ತಾರೆ. ಆಲೂಗಡ್ಡೆ ಚೆನ್ನಾಗಿ ಮೊಳೆತಿದೆ.

ನನ್ನ ಕಾಯಿಲೆಗೆ ಕೊನೆಗೂ ಒಂದು ಹೆಸರು ಸಿಕ್ಕಿದೆ. ನಮ್ಮ ಟೆಸ್ಸಿ ತೀರಿಕೊಂಡ ವರ್ಷದಿಂದ ನಾನು ಪಟ್ಟ ಪಾಡು ನಿನಗೆ ಪೂರ್ತಿ ಬರೆದಿರಲಿಲ್ಲ. ದಿನಕ್ಕೆ ಏಳೆಂಟು ಸಲ ಹಿತ್ತಿಲಿಗೆ ಓಡುವುದು, ತಿಂದದ್ದೇನೂ ಮೈಗೆ ಹತ್ತದಿರುವುದು, ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಉಬ್ಬಿಕೊಂಡಿರುವುದು. ಅಂಗಡಿಯ ಬೀನಾ ಹತ್ತು ಜನರ ಮುಂದೆ, "ಏನಮ್ಮ ಡೀಲಿಯಾ, ಗಂಡ ಕ್ರಿಸ್‌ಮಸ್ಸಿಗೆ ಬಂದುಹೋಗಿದ್ದು ವ್ಯರ್ಥ ಆಗ್ಲಿಲ್ಲ ಅನ್ನು" ಎಂದಳು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ? ಊರಿನ ಡಾಕ್ಟರು ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು: "ಮಗು ಹೋದ ದುಃಖ ಕಣಮ್ಮ, ಕರುಳಿಗೆ ಇಳಿದಿದೆ. ಇನ್ನೊಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ." ನಾನು ನಂಬಿದೆ. ದುಃಖವಂತೂ ಇತ್ತಲ್ಲ.

ನಿನ್ನ ಅಮ್ಮ ನನ್ನನ್ನು ನೋಡಿಕೊಂಡಷ್ಟು ನನ್ನ ಹೆತ್ತ ತಾಯಿಯೂ ನೋಡಿಕೊಳ್ಳುತ್ತಿರಲಿಲ್ಲ. ಹೊಟ್ಟೆ ಕೆಟ್ಟಾಗಲೆಲ್ಲ ಬ್ರೆಡ್ಡನ್ನು ಬಿಸಿ ಹಾಲಲ್ಲಿ ನೆನೆಸಿ, ಸಕ್ಕರೆ ಉದುರಿಸಿ ತಂದುಕೊಡುತ್ತಿದ್ದರು. ನಮ್ಮ ಕಡೆ ಕಾಯಿಲೆಯವರಿಗೆ ಎಲ್ಲರೂ ಕೊಡುವುದು ಅದನ್ನೇ ತಾನೇ? "ತಿನ್ನು ಮಗಳೇ, ಕೆಟ್ಟ ಹೊಟ್ಟೇಲಿ ಇದೊಂದೇ ನಿಲ್ಲೋದು" ಎನ್ನುತ್ತಿದ್ದರು.

ಈ ಸಲ ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತಕ್ಕೆ ಎಲ್ಲರೂ ಸಕ್ಕರೆ, ಸಿಗರೇಟು ಬಿಟ್ಟರೆ ನಾನು ಟೆಸ್ಸಿಯ ಹೆಸರಲ್ಲಿ ಬ್ರೆಡ್ ಬಿಟ್ಟೆ. ಬರೀ ಆಲೂಗಡ್ಡೆ, ಮೀನು, ಮೊಟ್ಟೆ. ಮೂರನೆಯ ವಾರಕ್ಕೆ ಹಿತ್ತಿಲಿಗೆ ಓಡುವುದು ನಿಂತಿತು, ಫೆಸ್ಟಿ. ಮಲಗಿದರೆ ಬೆಳಗಾಗುವವರೆಗೆ ಎಚ್ಚರವಿಲ್ಲ. ದೇವರು ಕಣ್ಣು ಬಿಟ್ಟ ಎಂದು ನಿನ್ನ ಅಮ್ಮ ಮೇಣದಬತ್ತಿ ಹಚ್ಚಿಬಂದರು. ಈಸ್ಟರ್ ದಿನ ಅವರು ಸುಟ್ಟ ಹೊಸ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ನಾಲ್ಕು ತುಂಡು ತಿಂದೆ. ಮಂಗಳವಾರಕ್ಕೆ ಮತ್ತೆ ಅದೇ ಕಥೆ.

ಊರಿನ ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಮೊದಲ ಸಲ ನನ್ನ ಮಾತು ಪೂರ್ತಿ ಕೇಳಿ ಗಾಲ್ವೇಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸಣ್ಣ ಕೊಳವೆಯ ತುದಿಗೆ ಕಟ್ಟಿದ ಗುಂಡೊಂದನ್ನು ನುಂಗಿಸಿ, ಕರುಳಿನ ಚೂರು ಕಿತ್ತು ನೋಡಿದರು. ಸೀಲಿಯಾಕ್ ಅಂತೆ. ಗೋಧಿ ನನ್ನ ಕರುಳನ್ನು ತಿನ್ನುತ್ತಿತ್ತಂತೆ. ಇನ್ನು ಸಾಯುವವರೆಗೆ ಬ್ರೆಡ್ ಮುಟ್ಟಬಾರದು. ಅಷ್ಟೇ ಆಗಿದ್ದರೆ ಕುಣಿಯುತ್ತಾ ಮನೆಗೆ ಬರುತ್ತಿದ್ದೆ.

ಅಲ್ಲಿನ ಡಾಕ್ಟರು, "ಇದು ರಕ್ತದಲ್ಲಿ ಬರೋದು. ಮನೇಲಿ ಇನ್ಯಾರಿಗಾದ್ರೂ ಹೀಗಿತ್ತಾ?" ಎಂದು ಕೇಳಿದರು. ನಾನು ಟೆಸ್ಸಿಯ ವಿಷಯ ಹೇಳಿದೆ. ಉಬ್ಬಿದ ಹೊಟ್ಟೆ, ಬಿಳಿಚಿದ ಭೇದಿ, ಎರಡೂವರೆ ವರ್ಷವಾದರೂ ನಡೆಯಲಾರದ ಕಾಲು. ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. "ಆಗ ನಿಮಗೆ ಹೇಗೆ ಗೊತ್ತಾಗ್ಬೇಕಿತ್ತಮ್ಮ" ಎಂದರು. ಅವಳಿಗೂ ಇದೇ ಕಾಯಿಲೆ ಇದ್ದಿರಲಾರದು ಎನ್ನಲಿಲ್ಲ. ಬಸ್ಸಿನಲ್ಲಿ ಊರು ತಲುಪುವವರೆಗೂ ಅತ್ತೆ. ನೀನು ಜೊತೆಗಿರಬೇಕಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಮೇರಿಯಮ್ಮ ನಿನ್ನನ್ನು ಆ ಮಣ್ಣಿನಡಿಯಿಂದ ದಿನವೂ ಸುಖವಾಗಿ ಮೇಲೆ ತರಲಿ.

ನಿನ್ನ
ಡೀಲಿಯಾ

ಮತ್ತೆ: ಬೇಗ ಬರೆಯುತ್ತಿದ್ದೇನೆ, ನಿನ್ನ ಅಮ್ಮ ಚರ್ಚಿನಿಂದ ಬರುವ ಹೊತ್ತು. ಅವರಿಗೆ ಈ ಕಾಯಿಲೆಯ ಹೆಸರು ಹೇಳಿಲ್ಲ, ನೀನೂ ಬರೆಯಬೇಡ. ಕೊನೆಯ ತಿಂಗಳು ಟೆಸ್ಸಿ ಅವರ ಕೈಯಿಂದ ಮಾತ್ರ ತಿನ್ನುತ್ತಿದ್ದಳು, ನೆನಪಿದೆ ತಾನೇ? ಬೆಳಿಗ್ಗೆ ನಾನು ಬ್ರೆಡ್ ಬೇಡವೆಂದಾಗ, "ಗಾಲ್ವೇಗೆ ಹೋಗಿಬಂದ ಮೇಲೆ ನನ್ನ ಕೈಅಡುಗೆ ರುಚಿಸ್ತಾ ಇಲ್ವೇನೋ. ನನ್ನ ಟೆಸ್ಸಿ ಒಂದು ಚೂರೂ ಬಿಡ್ತಿರಲಿಲ್ಲ" ಎಂದರು. ರುಚಿಸುವುದಿಲ್ಲ ಎಂದುಬಿಟ್ಟೆ. ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನನ್ನನ್ನು ದೂರಿ ನಿನಗೆ ಬರೆಸುತ್ತಾರೆ. ನೀನು ಅವರ ಪರವೇ ವಹಿಸಿ ಉತ್ತರ ಬರೆ.