ಎರಡು ಟಕ್

ಹಂಟ್ಸ್‌ವಿಲ್, ಅಲಬಾಮಾ
ಜುಲೈ 9, ಬುಧವಾರ ಮಧ್ಯಾಹ್ನ

ಮುದ್ದಿನ ತಮ್ಮ ಎಮಿಲ್‌ಗೆ,

ಹೇಗಿದ್ದೀಯ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯೋ, ಇಲ್ಲಾ ಆಲ್ಸೈಡ್ ಮಾವ ದೋಣಿಯಲ್ಲಿ ಮೂರು ಹೊತ್ತೂ ಡಬ್ಬಿಯ ಬೀನ್ಸನ್ನೇ ಬಿಸಿ ಮಾಡಿ ಬಡಿಸುತ್ತಿದ್ದಾರೋ? ಸಿಗಡಿಯ ಮುಳ್ಳು ಚುಚ್ಚಿ ನಿನ್ನ ಬಲಗೈ ಬಾತುಕೊಂಡಿತ್ತಲ್ಲ, ಅದು ವಾಸಿಯಾಯಿತೇ? ಫೋನಿನಲ್ಲಿ ಏನು ಕೇಳಿದರೂ ನಿನ್ನಿಂದ ಬರುವುದು 'ಚೆನ್ನಾಗಿದೀನಿ' ಎಂಬ ಒಂದೇ ಸಂದೇಶ. ಮಾರ್ಚಿನಿಂದ ಅದೇ. ಅಪ್ಪ ಡೆಕ್ಕಿನ ಮೇಲೆ ಎದೆ ಹಿಡಿದುಕೊಂಡು ಕುಸಿದಾಗ ಜೊತೆಗಿದ್ದವನು ನೀನೊಬ್ಬನೇ. ದೋಣಿಯನ್ನೂ ಅಪ್ಪನನ್ನೂ ದಡಕ್ಕೆ ತಂದವನೂ ನೀನೇ. ಮಣ್ಣು ಮಾಡಿದ ವಾರವೇ ಮಾವನ ದೋಣಿ ಹತ್ತಿ ಹೋದವನು ಮತ್ತೆ ಮನೆಯ ಹೊಸ್ತಿಲು ತುಳಿದಿಲ್ಲ. ಐಸ್ ತುಂಬಿಸಿಕೊಳ್ಳಲು ದಡಕ್ಕೆ ಬಂದರೂ ದೋಣಿಯಲ್ಲೇ ಮಲಗುತ್ತೀಯಂತೆ. 'ಅವನನ್ನ ಕೆದಕಬೇಡ ಕಣೇ, ತಾನಾಗೇ ಸರಿಹೋಗ್ತಾನೆ' ಎನ್ನುತ್ತಾಳೆ ಅಮ್ಮ. ಹಾಗಾಗಿ ನಾನು ಏನನ್ನೂ ಕೇಳುವುದಿಲ್ಲ, ನನ್ನ ಸುದ್ದಿಯನ್ನಷ್ಟೇ ಹೇಳುತ್ತೇನೆ. ಪತ್ರವನ್ನು ಐಸ್ ಕಾರ್ಖಾನೆಗೆ, ಲೂಸಿಲ್ ಅತ್ತೆಯ ಹೆಸರಿಗೆ ಹಾಕುತ್ತಿದ್ದೇನೆ. ಶುಕ್ರವಾರ ನೀವು ಬಂದಾಗ ಕೊಡುತ್ತಾರೆ. ಮೊದಲು ತಾವೇ ಒಮ್ಮೆ ಓದಿಕೊಂಡರೂ ಆಶ್ಚರ್ಯವಿಲ್ಲ. (ಅತ್ತೆ, ನಮಸ್ಕಾರ.)

ಶಾಲೆಯವರು ನನ್ನನ್ನು ಈ ಬಾಹ್ಯಾಕಾಶ ತರಬೇತಿ ಶಿಬಿರಕ್ಕೆ ಕಳಿಸಿದ್ದು ನಿನಗೆ ಗೊತ್ತೇ ಇದೆ. ಇಲ್ಲಿರುವವರೆಲ್ಲ ನನ್ನಂತೆ ವಿಜ್ಞಾನ, ಗಣಿತ ಹೇಳಿಕೊಡುವವರು. ಎಲ್ಲರಿಗೂ ಕುತ್ತಿಗೆಯಿಂದ ಪಾದದವರೆಗೆ ಒಂದೇ ಆಗಿ ಹೊಲಿದ ನೀಲಿ ಉಡುಪು ಕೊಟ್ಟಿದ್ದಾರೆ. ನನ್ನದು ಕಾಲಿಗೆ ತೊಡರುವಷ್ಟು ಉದ್ದ, ಮಡಿಸಿ ಪಿನ್ನು ಹಾಕಿಕೊಂಡಿದ್ದೇನೆ. ಮೇಷ್ಟ್ರುಗಳಷ್ಟು ಕೆಟ್ಟ ವಿದ್ಯಾರ್ಥಿಗಳು ಭೂಮಿಯ ಮೇಲಿಲ್ಲ ಕಣೋ. ತರಬೇತಿ ಕೊಡುವ ಹಾಲಿಸ್ ಪ್ರಶ್ನೆ ಮುಗಿಸುವ ಮೊದಲೇ ಎಲ್ಲರೂ ಉತ್ತರ ಕೂಗುತ್ತೇವೆ, ಆಮೇಲೆ ಒಬ್ಬರದನ್ನು ಇನ್ನೊಬ್ಬರು ತಿದ್ದುತ್ತೇವೆ. 'ನಿಮ್ಮ ಮಕ್ಕಳು ಪಾಪ ಹೇಗೆ ತಡ್ಕೋತಾವೋ ಮಹಾರಾಯರೇ' ಎಂದು ಹಾಲಿಸ್ ಹಣೆ ಚಚ್ಚಿಕೊಳ್ಳುತ್ತಾನೆ. ಮೊದಲ ದಿನ ಎಲ್ಲ ದಿಕ್ಕಿಗೂ ಒಟ್ಟಿಗೆ ಉರುಳುವ ಕಬ್ಬಿಣದ ಉಂಗುರಗಳ ನಡುವೆ ಕೂರಿಸಿ, ಬೆಲ್ಟು ಬಿಗಿದು ತಿರುಗಿಸಿದರು. ನನಗೇನೂ ಆಗಲಿಲ್ಲ. ಅಪ್ಪನ ದೋಣಿಯಲ್ಲಿ ಬೆಳೆದವಳಿಗೆ ಇದ್ಯಾವ ಲೆಕ್ಕ ಎಂದು ಜಂಭ ಕೊಚ್ಚಿಕೊಂಡೆ. ನನ್ನ ಕೋಣೆಯಲ್ಲಿರುವ ಟೆಕ್ಸಸ್ಸಿನ ವಾಂಡಾ ಮಾತ್ರ 'ಅಯ್ಯಯ್ಯೋ, ನಾನಿಳಿದ್ರೂ ನನ್ನ ಹೊಟ್ಟೆ ಇನ್ನೂ ಮೇಲೇ ಸುತ್ತುತಾ ಇದೆ, ಯಾರಾದ್ರೂ ಅದನ್ನೂ ಇಳಿಸ್ರಪ್ಪಾ' ಎಂದು ಊರಿಗೆಲ್ಲ ಕೇಳುವಂತೆ ಅರಚಿದಳು. ಅವಳ ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ, ಅದೂ ಪೂರ್ತಿಯಾಗಿ ಅಲ್ಲ.

ನಿನ್ನೆ ಅಣಕು ಯಾನ ಇತ್ತು. ದೊಡ್ಡ ಕೊಟ್ಟಿಗೆಯಂಥ ಜಾಗದಲ್ಲಿ ಗಗನನೌಕೆಯ ಮಾದರಿ ನಿಲ್ಲಿಸಿದ್ದಾರೆ. ಗೋಡೆಯ ಈಚೆ ನಾವು, ಭೂಮಿಯ ಮೇಲಿರುವವರು. ಇಲ್ಲೊಂದು ಕಟ್ಟುನಿಟ್ಟಾದ ಪದ್ಧತಿಯಿದೆ. ಮೇಲಿನವರೊಡನೆ ಭೂಮಿಯಿಂದ ಒಬ್ಬರೇ ಮಾತಾಡಬೇಕು, ಉಳಿದವರು ಹೇಳುವುದೇನಿದ್ದರೂ ಅವರ ಮೂಲಕವೇ ಹೋಗಬೇಕು. ಆ ಒಬ್ಬಳು ನಾನು. ನೌಕೆಯ ಹೊರಗೆ ರಿಪೇರಿಗೆ ಇಳಿದವರು ವಾಂಡಾ ಮತ್ತು ಪ್ರೂಯಿಟ್. ನೆಬ್ರಾಸ್ಕದ ಗಣಿತದ ಮೇಷ್ಟ್ರಾದ ಪ್ರೂಯಿಟ್ ಕೇಳಿದರಷ್ಟೇ ಮಾತಾಡುವ ಮನುಷ್ಯ. ವಾಂಡಾ ಬೋಲ್ಟು ಬರಲಿಲ್ಲ ಎಂದಳು, ಗ್ಲೌಸು ಬಿಗಿ ಎಂದಳು, ಮೂಗು ಕೆರೆಯುತ್ತಿದೆ ಏನು ಮಾಡಲಿ ಎಂದಳು. ಅವಳನ್ನು ಸಮಾಧಾನ ಮಾಡುವುದರಲ್ಲೇ ನಾನು ಬೆವರಿ ಹೋದೆ. ನಡುನಡುವೆ ಪ್ರೂಯಿಟ್‌ರನ್ನು ಹೇಗಿದ್ದೀರಿ ಎಂದು ಕೇಳಿದರೆ ಕಿವಿಯಲ್ಲಿ ಟಕ್ ಟಕ್ ಎಂದಿತು. ನನಗೆಷ್ಟು ನೆಮ್ಮದಿಯಾಯಿತು ಎಂದು ನಿನಗೊಬ್ಬನಿಗೇ ಗೊತ್ತಾದೀತು. ಬಲೆ ಎಳೆಯುವಾಗ ಕೈಗೆ ಬಿಡುವಿಲ್ಲದಿದ್ದರೆ ಅಪ್ಪ ರೇಡಿಯೊದ ಗುಂಡಿಯನ್ನು ಎರಡು ಸಲ ಒತ್ತಿಬಿಡುತ್ತಿದ್ದನಲ್ಲ. ಕೇಳಿಸಿತು, ಎಲ್ಲ ಸರಿಯಾಗಿದೆ, ಬರುತ್ತೇನೆ ಎಂದು ಅದರ ಅರ್ಥ. ಅಡಿಗೆಮನೆಯ ರೇಡಿಯೊದಲ್ಲಿ ಆ ಸದ್ದು ಕೇಳಿದ ಮೇಲೆಯೇ ಅಮ್ಮ ಅನ್ನಕ್ಕೆ ಎಸರಿಡುತ್ತಿದ್ದುದು. ಹಾಗಾಗಿ ಟಕ್ ಟಕ್ ಎಂದಾಗಲೆಲ್ಲ ನಾನು ಪಕ್ಕದವರಿಗೆ, 'ಪ್ರೂಯಿಟ್ ಚೆನ್ನಾಗಿದಾರೆ' ಎಂದು ಧೈರ್ಯವಾಗಿ ಹೇಳಿದೆ. ಕೊನೆಗೆ ಹಾಲಿಸ್ ನನ್ನ ಹಿಂದೆ ಬಂದು ನಿಂತು, 'ಪ್ರೂಯಿಟ್ ಹೋಗಿಬಿಟ್ರಲ್ಲಮ್ಮ' ಎಂದ.

ಹಾಲಿಸ್ ಬೇಕೆಂದೇ ಅವರ ಮೈಕನ್ನು ಮಾತು ಕೇಳಿಸದಂತೆ ಮಾಡಿ, ಉಸಿರಿನ ಗಾಳಿ ಸೋರುತ್ತಿದೆ ಎಂಬ ಅಣಕು ಅಪಾಯವನ್ನು ಅವರಿಗೆ ಒಡ್ಡಿದ್ದನಂತೆ. ಉಳಿದಿದ್ದು ಮೈಕಿನ ಗುಂಡಿಯೊಂದೇ. ಪಾಪ, ಆ ಮನುಷ್ಯ ಅದನ್ನೇ ಒತ್ತಿ ಒತ್ತಿ ನನ್ನನ್ನು ಕರೆಯುತ್ತಿದ್ದರು. ಗೋಡೆಯ ಆಚೆ ಹೋಗಿ ನೋಡಿದರೆ ಎದೆಯ ಮೇಲೆ ಕೈ ಜೋಡಿಸಿಕೊಂಡು ನೆಲದ ಮೇಲೆ ಮಲಗಿದ್ದರು. ಆಮೇಲೆ ಎದ್ದು ಕೂತು, 'ಪರ್ವಾಗಿಲ್ಲ ಬಿಡಿ ಟೀಚರಮ್ಮ, ಸತ್ತಿದ್ದಕ್ಕೆ ಒಳ್ಳೇ ನಿದ್ದೆ ಆಯ್ತು' ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ, ಎಮಿಲ್. ನೆಲದ ಮೇಲೆ ಮಲಗಿದ್ದವರ ಮುಖ ಪ್ರೂಯಿಟ್‌ರದಾಗಿ ನನಗೆ ಕಾಣಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತುಬಿಟ್ಟೆ. ಹೊರಗೆ ಬಂದಾಗ ಹಾಲಿಸ್ ಕಾಫಿ ಹಿಡಿದು ನಿಂತಿದ್ದ. 'ಗಲಾಟೆ ಮಾಡೋಳಿಗೆ ಉಸಿರಿತ್ತಮ್ಮ. ಸುಮ್ಮನಿದ್ದೋರನ್ನ ಮೊದ್ಲು ವಿಚಾರಿಸ್ಬೇಕಿತ್ತು' ಎಂದ. ಬೈಯಲಿಲ್ಲ, ಮೆತ್ತಗೇ ಹೇಳಿದ. ನಾಳೆ ಮತ್ತೆ ಅದೇ ಯಾನ, ಅದೇ ಕುರ್ಚಿಗೆ ನಾನೇ. ಬೇಡ ಎಂದು ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. ವಾಂಡಾ ಒಂದು ಕ್ಷಣ ಸುಮ್ಮನಾದರೂ ಹೆಸರು ಹಿಡಿದು ಕೂಗಿ ವಿಚಾರಿಸುತ್ತೇನೆ.

ಅಮ್ಮ ಗಟ್ಟಿಯಾಗಿದ್ದಾಳೆ. ಸಂಜೆಯ ಹೊತ್ತು ಅಪ್ಪನ ಆ ರೇಡಿಯೊ ಹಚ್ಚಿಟ್ಟುಕೊಂಡು ಬೆಂಡೆಕಾಯಿ ಹೆಚ್ಚುತ್ತಾಳೆ. ಯಾಕೆ ಎಂದು ನಾನೂ ಕೇಳಿಲ್ಲ, ಅವಳೂ ಹೇಳಿಲ್ಲ. ಮಾವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಬಲೆ ತುಂಬಲಿ, ನಿನ್ನ ಮೈಮನಸ್ಸು ತಣ್ಣಗಿರಲಿ. ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಡೆಲ್ಫೀನ್

ತಾ.ಕ: ಅಂಚೆಯವನು ಬಂದು ನಿಂತಿದ್ದಾನೆ, ಗೀಚುತ್ತಿದ್ದೇನೆ. ಏನನ್ನೂ ಕೇಳುವುದಿಲ್ಲ ಎಂದೆನಲ್ಲ, ಅದು ಸುಳ್ಳು. ನಿನ್ನ 'ಚೆನ್ನಾಗಿದೀನಿ' ಇನ್ನು ನನಗೆ ಸಾಲದು. ನಾನು ಊರು ಮುಟ್ಟುವಷ್ಟರಲ್ಲಿ ನೀವು ಮತ್ತೆ ಹೊರಟಿರುತ್ತೀರಿ. ಶನಿವಾರ ಸಂಜೆ ಅಡಿಗೆಮನೆಯಲ್ಲಿ ಅಪ್ಪನ ರೇಡಿಯೊದ ಮುಂದೆ ಕೂತಿರುತ್ತೇನೆ. ಹೊರಗಿನ ದ್ವೀಪ ದಾಟಿದರೆ ರೇಡಿಯೊ ಸಿಗುವುದಿಲ್ಲವಲ್ಲ, ದೋಣಿ ಅದರ ಈಚೆ ಇರುವಾಗಲೇ ನಿನ್ನ ಹೆಸರು ಹಿಡಿದು ಕೂಗುತ್ತೇನೆ. ಗುಂಡಿ ಒತ್ತಿ ಸುಮ್ಮನಾಗಬೇಡ, ಬಾಯಿ ಬಿಟ್ಟು ಮಾತಾಡು. ಬೈದರೂ ಸರಿ, ಅತ್ತರೂ ಸರಿ, ಊರಿನ ದೋಣಿಗಳೆಲ್ಲ ಕೇಳಿಸಿಕೊಂಡರೂ ಸರಿ. ಬರೀ ಟಕ್ ಟಕ್ ಎಂದೆಯೋ, ಯಾರದಾದರೂ ದೋಣಿ ಹತ್ತಿ ಈ ನೀಲಿ ಉಡುಪಿನಲ್ಲೇ ನಿನ್ನನ್ನು ಹುಡುಕಿಕೊಂಡು ಬರುತ್ತೇನೆ.