ಬುಧವಾರದ ಬಯಕೆ ಬುಟ್ಟಿ

ಬಾನ್ ನೋಂಗ್ ಕ್ರತುಮ್, ಸುಫಾನ್‌ಬುರಿ
ಬುಧವಾರ, ಸೆಪ್ಟೆಂಬರ್ ೪

ಹಟಮಾರಿ ಮಗಳು ಫಿಕುನ್‌ಗೆ,

ಅಮ್ಮನ ಆಶೀರ್ವಾದ. ನನ್ನ ನಂಬರು ಕಂಡ ಕೂಡಲೇ ನೀನು ಫೋನು ಮಗುಚಿಡುತ್ತೀಯ, ಅದಕ್ಕೇ ಈ ಕಾಗದ. ಹೋದ ತಿಂಗಳು ನಾನು ಬೈದದ್ದು ಬೈದದ್ದೇ, ಅದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಏಪ್ರಿಲ್‌ನಲ್ಲಿ ಕಡ್ಡಾಯ ಸೈನ್ಯಸೇವೆಯ ಚೀಟಿ ಎತ್ತುವಾಗ ಕೆಂಪು ಬಂದು ಸೈನ್ಯಕ್ಕೆ ಹೋದ ಆ ಕ್ರಿತ್ ಎಂಬ ಹುಡುಗ ತಿರುಗಿ ನೋಡಲಿಲ್ಲ ಎಂದು ನೀನು ಹೇಳಿದೆ, ಅದನ್ನೂ ನಾನು ಕೇಳಿಸಿಕೊಂಡೆ. ಆದರೆ ಹುಟ್ಟಿದ ಕೂಡಲೇ ಮಗುವನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದೆಯಲ್ಲ, ಆ ಮಾತು ಮಾತ್ರ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ಹಾಗೇನಾದರೂ ಮಾಡುವ ಮೊದಲು ಇದನ್ನು ಪೂರ್ತಿ ಓದು.

ನಾನು ಅಡುಗೆ ಮಾಡುವ ವಿಲ್ಲಾಕ್ಕೆ ಹೋದ ಶನಿವಾರ ಒಬ್ಬಳು ಬಂದಳು. ಹೆಸರು ಮಾಲೈ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಬ್ಯಾಂಕಾಕಿನಲ್ಲಿ ಬಟ್ಟೆ ಅಂಗಡಿಯಂತೆ, ಒಂದು ವಾರ ಗದ್ದೆ ನೋಡಿಕೊಂಡು ಸುಮ್ಮನಿರಲು ಬಂದಳಂತೆ. ಅಷ್ಟು ದೊಡ್ಡ ಮನೆಯನ್ನು ಒಬ್ಬಳಿಗೇ ಅಂತ ಹಿಡಿದವರನ್ನು ನಾನು ಈವರೆಗೆ ಕಂಡಿರಲಿಲ್ಲ. ರಜೆಗೆ ಬರುವವರ ವೈಖರಿ ನಿನಗೆ ಗೊತ್ತಲ್ಲ. ಬಿಸಿಲೇರಿದ ಮೇಲೆ ಏಳುತ್ತಾರೆ, ಈಜುಕೊಳಕ್ಕೆ ಕಾಲು ಇಳಿಬಿಟ್ಟು ಗದ್ದೆಯ ಫೋಟೋ ಹೊಡೆಯುತ್ತಾರೆ, ಎಮ್ಮೆ ಕಂಡರೆ ಕಿರುಚುತ್ತಾರೆ. ಇವಳೋ, ನಾನು ಬರುವಷ್ಟರಲ್ಲಿ ಅಂಗಳ ಗುಡಿಸಿ ಮುಗಿಸಿರುತ್ತಿದ್ದಳು. ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದಳು. ದುಡ್ಡು ಕೊಟ್ಟು ಬಂದು ಯಾರಾದರೂ ಪಾತ್ರೆ ತೊಳೆಯುತ್ತಾರೆಯೇ? ಪೇಟೆಯವರು ಬದುವಿನ ಮೇಲೆ ಎರಡೂ ಕೈ ಅಗಲಿಸಿಕೊಂಡು ತೂರಾಡುತ್ತ ನಡೆಯುತ್ತಾರೆ. ಇವಳು ನನ್ನ ಜೊತೆ ಮಾತಾಡಿಕೊಂಡೇ, ಕಾಲ ಕೆಳಗೆ ನೋಡದೆ ನಡೆದಳು. ಅಲ್ಲಿಂದ ನನಗೆ ಅನುಮಾನ ಹತ್ತಿಕೊಂಡಿತು.

ಮೊದಲು, ನನ್ನ ಮೇಲೆ ಕಣ್ಣಿಡಲು ವಿಲ್ಲಾದ ಒಡೆಯರೇ ಕಳಿಸಿದ್ದಾರೆ ಎಂದುಕೊಂಡೆ. ಮಿಕ್ಕ ಮೀನನ್ನು ನಾನು ಮನೆಗೆ ಒಯ್ಯುತ್ತೇನಲ್ಲ, ಅದನ್ನು ಯಾರೋ ಅವರ ಕಿವಿಗೆ ಹಾಕಿರಬೇಕು ಎಂದು. ಮೀನು ಒಯ್ಯುವುದನ್ನು ನಿಲ್ಲಿಸಿದೆ, ಮನೆಯ ಬೆಕ್ಕು ನನ್ನ ಮೇಲೆ ಮುನಿಸಿಕೊಂಡಿತು. ಬಟ್ಟೆ ಒಗೆಯಲು ಬರುವ ಲಮ್ದುವನ್ ಬೇರೆ ತಲೆ ಕೆಡಿಸಿದಳು. "ಅಕ್ಕಾ, ಇವ್ಳು ಜಮೀನಿನ ದಲ್ಲಾಳಿನೇ. ನಗ್ತಾ ನಗ್ತಾ ಬರ್ತಾರೆ, ಹೋಗೋವಾಗ ಬರೆಸ್ಕೊಂಡು ಹೋಗ್ತಾರೆ" ಎಂದಳು. "ನನ್ನ ಹತ್ರ ಬರೆಸ್ಕೊಳ್ಳೋಕೆ ಏನಿದೆಯೇ, ಮಂಡಿ ನೋವಾ?" ಎಂದೆ.

ಆದರೆ ಅವಳು ಜಮೀನಿನ ವಿಚಾರ ಎತ್ತಲೇ ಇಲ್ಲ. ಎತ್ತಿದ್ದು ನಿನ್ನ ವಿಚಾರ. ಮೊನ್ನೆ ನಾನು ಸೊಪ್ಪು ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ತಾನೂ ಒಂದು ಹಿಡಿ ಎತ್ತಿಕೊಂಡು, "ಮಕ್ಕಳೆಷ್ಟು ಅಕ್ಕಾ?" ಎಂದಳು. ಒಬ್ಬಳು ಎಂದೆ. "ಎಲ್ಲಿದ್ದಾಳೆ? ಯಾರ ಜೊತೆ ಇದ್ದಾಳೆ? ಊರಿಗೆ ಬರ್ತಾ ಇರ್ತಾಳಾ?" ಎಂದು ಒಂದರ ಹಿಂದೆ ಒಂದು. ಪೊಲೀಸರು ಕೂಡ ಉಸಿರಾಡಲು ಬಿಟ್ಟು ಕೇಳುತ್ತಾರೆ. ಕೈಯಲ್ಲಿ ದುಡ್ಡಿರುವ ಒಂಟಿ ಹೆಂಗಸು, ಬಸುರಿ ಹುಡುಗಿಯ ತಾಯಿಯನ್ನು ಹುಡುಕಿಕೊಂಡು ಬಂದಿದ್ದಾಳೆ. ನೀನು ಮಗು ಕೊಡುತ್ತೇನೆ ಎಂದದ್ದು ಇವಳಿಗೇ, ಮನೆತನ ಹೇಗಿದೆ ಎಂದು ನೋಡಿಕೊಂಡು ಹೋಗಲು ಬಂದಿದ್ದಾಳೆ ಎಂದೇ ತಿಳಿದೆ. ಸುಳ್ಳು ತಾನಾಗಿ ಬಾಯಿಗೆ ಬಂತು. "ಮಗಳ ಮದುವೆ ಆಗಿ ವರ್ಷ ಆಯ್ತು. ಅಳಿಯಂದು ರಾಚಬುರಿಲಿ ಹಂಡೆ ಅಂಗಡಿ. ನೆಲದ ಮೇಲೆ ಕಾಲಿಡೋಕೆ ಬಿಡಲ್ಲ ಅವಳನ್ನ" ಎಂದೆ. ಇಲ್ಲದ ಅಳಿಯನಿಗೆ ಒಂದು ಕಾರನ್ನೂ ಕೊಡಿಸಿದೆ.

ಅವಳು ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಕೆಳಗಿಟ್ಟು, "ಒಳ್ಳೇದಾಯ್ತು ಬಿಡಿ" ಎಂದು ಎದ್ದುಹೋದಳು. ಆಮೇಲೆ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಗೆದ್ದೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ಇವತ್ತು ಬೆಳಿಗ್ಗೆ ಬಂದರೆ, ವಾರ ಮುಗಿಯುವ ಮುಂಚೆಯೇ ಚೀಲ ಕಟ್ಟಿ ಬಾಗಿಲಲ್ಲಿಟ್ಟಿದ್ದಳು.

ಅಡುಗೆಮನೆಯಲ್ಲಿ ನಿನಗೆಂದು ಒಂದು ಬಿದಿರಿನ ಬುಟ್ಟಿ ತುಂಬಿಸಿಟ್ಟಿದ್ದೆ, ಮಧ್ಯಾಹ್ನದ ವ್ಯಾನಿನಲ್ಲಿ ಕಳಿಸೋಣವೆಂದು. ಮಾವಿನಕಾಯಿ, ಹುಣಸೆ, ನೆಲ್ಲಿಕಾಯಿ, ನಿನಗೆ ಬೆವರುಸಾಲೆ ಏಳುತ್ತದೆಂದು ಒಂದು ಡಬ್ಬಿ ತಂಪು ಪೌಡರು. ಮುನಿಸು ಬೇರೆ, ಬಸುರಿಗೆ ಹುಳಿ ಬೇಡವೇ. ನೀರು ಕುಡಿಯಲು ಒಳಗೆ ಬಂದ ಮಾಲೈ ಅದನ್ನು ಕಂಡು, ಇದು ಯಾರಿಗೆ ಎಂದಳು. ನಾನು ಹಿಂದುಮುಂದು ನೋಡದೆ, "ಭತ್ತದ ತಾಯಿಗೆ. ಪೈರು ಬಸುರಾಗಿದೆ, ಬಯಕೆ ಕೊಡ್ಬೇಕು" ಎಂದೆ. ಆ ಪೂಜೆಗೆ ಇಡುವ ಹುಳಿಯೂ ಇತ್ತು, ಪೌಡರೂ ಇತ್ತು, ಬಟ್ಟೆ ಅಂಗಡಿಯವಳಿಗೆ ಇನ್ನೇನು ತಿಳಿದೀತು ಎಂದುಕೊಂಡೆ.

ಅವಳು ಚಪ್ಪಲಿ ಬಿಟ್ಟು ಗದ್ದೆಗೆ ಇಳಿದಳು. ಒಂದು ದಂಟನ್ನು ಎರಡು ಬೆರಳಲ್ಲಿ ಹೊಸೆದು ನೋಡಿ ವಾಪಸು ಬಂದಳು. "ದಂಟು ಇನ್ನೂ ಚಪ್ಪಟೆ ಇದೆ ಅಕ್ಕಾ, ದುಂಡಗಾಗಿಲ್ಲ. ಇವಳು ಬಸುರಾಗೋಕೆ ಇನ್ನೂ ಸಮಯ ಇದೆ. ಬಯಕೆ ಕೊಡೋದು ಶುಕ್ರವಾರ ಬೇರೆ. ಇವತ್ತು ಬುಧವಾರ. ಈ ಹುಳಿ ಯಾರಿಗೆ ಹೇಳಿ" ಎಂದಳು.

ಹುಟ್ಟಿದಂದಿನಿಂದ ಗದ್ದೆಯ ಕೆಸರು ತುಳಿದವಳು ನಾನು, ವಾರ ತಪ್ಪಿ ಸುಳ್ಳು ಹೇಳಿದೆನಲ್ಲ. ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಸಿಟ್ಟು ಬರುವುದು ನಿನಗೆ ಗೊತ್ತೇ ಇದೆ. "ಮೊದಲು ನೀವ್ಯಾರು ಅದನ್ನ ಹೇಳಿ. ಅಂಗಡಿಯವ್ರಿಗೆ ದಂಟು ಹೊಸೆಯೋದು ಯಾರು ಕಲಿಸಿದ್ರು? ಒಂದು ಮಾತು ಕೇಳ್ಕೊಳಿ, ನಮ್ಮ ಮಗುನ ನಾವು ಯಾರಿಗೂ ಕೊಡಲ್ಲ" ಎಂದುಬಿಟ್ಟೆ.

ಅವಳು ಬುಟ್ಟಿಯ ಪಕ್ಕ ನೆಲದ ಮೇಲೆ ಕೂತಳು. "ಮದುವೆಯಾದ ಮಗಳಿಗೆ ಬಯಕೆ ಕಳಿಸೋರು ಭತ್ತದ ತಾಯಿ ಹೆಸರು ಹೇಳಲ್ಲ ಅಂತ ಅನ್ನಿಸ್ತು, ಅದಕ್ಕೇ ಕೇಳ್ದೆ. ಕ್ರಿತ್ ನನ್ನ ಮಗ ಅಕ್ಕಾ. ಅವನಿಗೆ ಈ ಬಸುರಿನ ವಿಚಾರ ಗೊತ್ತಿಲ್ಲ" ಎಂದಳು. ಎಷ್ಟು ತಿಂಗಳು ಎಂದು ಕೇಳಿದಳು. ಹೇಳಿದೆ. ಬೆರಳು ಮಡಚಿ ಹಿಂದಕ್ಕೆ ಎಣಿಸಿ, ಸಾಂಗ್‌ಕ್ರಾನ್ ಹಬ್ಬಕ್ಕೆ, ಮಗ ಸೈನ್ಯಕ್ಕೆ ಹೋಗುವ ಮುಂಚಿನ ಆ ಏಪ್ರಿಲ್ ದಿನಗಳಿಗೆ ಬಂದು ನಿಂತು, ಅತ್ತಳು.

ಅವಳು ಹೇಳಿದ್ದು ಹೀಗೆ. ಅವರದು ಆಂಗ್‌ಥೊಂಗ್, ಗದ್ದೆಯ ಕೆಲಸದವರೇ; ಬಟ್ಟೆ ಅಂಗಡಿ ಬರೀ ಸುಳ್ಳು, ವಿಲ್ಲಾಕ್ಕೆ ಕೊಟ್ಟದ್ದು ಹೋದ ಬೆಳೆಯ ದುಡ್ಡು. ಶಿಬಿರಕ್ಕೆ ಸೇರಿದ ದಿನವೇ ಹುಡುಗರ ಫೋನು ಕಿತ್ತುಕೊಂಡು ಒಳಗಿಟ್ಟರಂತೆ. ಅದು ಕೈಗೆ ಬರುವಷ್ಟರಲ್ಲಿ ನೀನು ಅವನ ನಂಬರಿಗೆ ಬೀಗ ಹಾಕಿದ್ದೆ. ಮನೆಯವರು ನೋಡಲು ಹೋದ ದಿನ ಅವನು ತಾಯಿಯ ಹತ್ತಿರ, ಫಿಕುನ್‌ಗೆ ಬೇರೆ ಯಾರಾದರೂ ಸಿಕ್ಕರೇ, ಅಷ್ಟು ತಿಳಿದುಕೊಂಡು ಬಾ ಎಂದು ಬೇಡಿಕೊಂಡನಂತೆ. ನೀನು ಕೋಣೆ ಬದಲಿಸಿದ್ದರಿಂದ ನಿನ್ನ ಹೊಸ ವಿಳಾಸ ಅವನಿಗೆ ಗೊತ್ತಿರಲಿಲ್ಲ. ಅಮ್ಮ ಈ ಊರಿನ ವಿಲ್ಲಾದಲ್ಲಿ ಅಡುಗೆಯವಳು ಎಂದು ನೀನು ಹೇಳಿದ್ದು ನೆನಪಿತ್ತು. ಹಾಗಾದರೆ ನೇರವಾಗಿ ಬಂದು ಕೇಳಬಾರದಿತ್ತೇ, ಈ ವೇಷ ಯಾಕೆ ಎಂದೆ. "ಕೇಳಿದ್ರೆ ನೀವು ಒಳ್ಳೆ ತಟ್ಟೆ ತೆಗೆದು ಒಳ್ಳೆ ಮಾತಾಡಿ ಕಳಿಸ್ತಿದ್ರಿ. ನಿಜ ಬೇಕಿತ್ತು ನನಗೆ" ಎಂದಳು. ನಿಜ ಹುಡುಕಿಕೊಂಡು ಬಂದವಳಿಗೆ ನಾನು ಹಂಡೆ ಅಂಗಡಿಯ ಅಳಿಯನನ್ನು ಕೊಟ್ಟೆ. ಈ ಬುಟ್ಟಿ ಅವಳ ಕಣ್ಣಿಗೆ ಬೀಳದಿದ್ದರೆ ಅವಳು ಅದೇ ಸುದ್ದಿಯನ್ನು ಹೊತ್ತು ಮಗನ ಹತ್ತಿರ ಹೋಗುತ್ತಿದ್ದಳು.

ಆದರೂ ನಾನು ಸುಲಭಕ್ಕೆ ನಂಬಲಿಲ್ಲ. ಅವನ ಫೋಟೋ ತೋರಿಸಿದಳು. ತಲೆ ಬೋಳಿಸಿ ಸಾಲಲ್ಲಿ ನಿಲ್ಲಿಸಿದರೆ ಎಲ್ಲ ಹುಡುಗರೂ ಒಂದೇ ಥರ. "ನಿಮ್ಮ ಮಗ ಊಟದಲ್ಲಿ ಏನು ಮುಟ್ಟಲ್ಲ?" ಎಂದು ಕೇಳಿದೆ. "ಕೊತ್ತಂಬರಿ ಸೊಪ್ಪು. ಒಂದೊಂದೇ ಎಲೆ ಆರಿಸಿ ಬಟ್ಟಲಿನ ಅಂಚಿಗೆ ಅಂಟಿಸ್ತಾನೆ, ದರಿದ್ರದವನು" ಎಂದಳು. ಇದನ್ನೇ ನೀನೂ ನಗುತ್ತ ಹೇಳಿದ್ದೆ, ಹೊಸ ವರ್ಷದಲ್ಲಿ ಬಂದಾಗ. ಹಾಗೆ ನಕ್ಕದ್ದನ್ನು ನಾನು ಆಮೇಲೆ ಕೇಳಿಲ್ಲ ಮಗಳೇ.

ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಮಾಲೈ ಸುಳ್ಳು ಹೇಳುವಾಗ ಕಣ್ಣು ಕೂಡ ಮಿಟುಕಿಸುವುದಿಲ್ಲ, ಅಂಥವಳು ಅತ್ತೆಯಾದರೆ ನೀನು ಎಚ್ಚರವಾಗಿರಬೇಕು. ಸೀಗಡಿ ಖಾರಕ್ಕೆ ಸಕ್ಕರೆ ಸುರಿಯುತ್ತಾಳೆ ಬೇರೆ. ಆದರೆ ಮಗು ನಿನ್ನದು. ಅದಕ್ಕೆ ಅಪ್ಪ ಇದ್ದಾನೆ, ಓಡಿಹೋಗಿಲ್ಲ, ಇಷ್ಟು ನಿನಗೆ ತಿಳಿಯಬೇಕಿತ್ತು.

ಊಟ ಬಿಡಬೇಡ.

ನಿನ್ನ ಅಮ್ಮ,
ರಬಿಯಪ್

ತಾ.ಕ.: ಇದನ್ನು ಅಂಚೆಗೆ ಹಾಕಿಲ್ಲ. ಬುಟ್ಟಿಯ ಜೊತೆ ಮಾಲೈ ಕೈಯಲ್ಲೇ ಕಳಿಸುತ್ತಿದ್ದೇನೆ, ನೀನು ಓದುವಾಗ ಅವಳು ನಿನ್ನ ಬಾಗಿಲ ಹೊರಗೆ ನಿಂತಿರುತ್ತಾಳೆ. ದಾರಿಯಲ್ಲಿ ಬಿಚ್ಚಿ ಓದಿದಳೋ ಇಲ್ಲವೋ ತಿಳಿಯಲಿ ಎಂದು ಲಕೋಟೆಯ ಬಾಯಿಗೆ ಅನ್ನದ ಅಗುಳಿನ ಜೊತೆ ನನ್ನದೊಂದು ಕೂದಲು ಅಂಟಿಸಬೇಕೆಂದಿದ್ದೆ. ಆಮೇಲೆ ಹೊಳೆಯಿತು, ಕೂದಲು ನೋಡು ಎಂಬ ಮಾತನ್ನು ನೀನು ಓದುವುದೇ ಲಕೋಟೆ ಹರಿದ ಮೇಲೆ. ಹಾಗಾಗಿ ಅಂಟಿಸದೆ ತೆರೆದೇ ಕೊಟ್ಟಿದ್ದೇನೆ. ಅವಳ ಬಗ್ಗೆ ನಾನು ಬರೆದದ್ದನ್ನೆಲ್ಲ ಓದಿಯೂ ಅವಳು ನಿನ್ನ ಬಾಗಿಲಿಗೆ ಬಂದು ನಿಂತಿದ್ದರೆ, ಒಳಗೆ ಕರೆ.