ಪ್ರತಿ ಗೇಟಿಗೂ ಬ್ರೇಕ್

ಕುಂಜತ್ತೂರು
20-1-2025

ಪ್ರೀತಿಯ ಮಗಳು ದೀಪ್ತಿಗೆ,

ಅಪ್ಪನ ಆಶೀರ್ವಾದಗಳು. ನಾವಿಬ್ಬರೂ ಸೌಖ್ಯ. ನೀವೂ ಸೌಖ್ಯವೆಂದು ಗೊತ್ತು. ನಿನ್ನ ಅಮ್ಮ ಬಾವಿಕಟ್ಟೆಯ ಹತ್ತಿರ ನಿಂತು ನಿನಗೆ ಫೋನ್ ಮಾಡುವುದು ನನಗೆ ತಿಳಿಯುವುದಿಲ್ಲವೆಂದು ಅವಳ ಎಣಿಕೆ. ನಾನು ನಿನಗೆ ಬರೆಯುತ್ತಿರುವುದು ಆರು ವರ್ಷಗಳ ನಂತರ. ಮೂವತ್ತೆರಡು ವರ್ಷ ಊರವರ ಕಾಗದ ಹಂಚಿದವನಿಗೆ ಸ್ವಂತ ಮಗಳಿಗೆ ನಾಲ್ಕು ಸಾಲು ಬರೆಯಲು ಇಷ್ಟು ತಡವಾಯಿತು. ಕ್ಷಮಿಸು.

ನಗಬೇಡ, ನಾನೀಗ ದೂರದ ಸೈಕಲ್ ಸವಾರಿಯೊಂದಕ್ಕೆ ಅಭ್ಯಾಸ ಮಾಡುತ್ತಿದ್ದೇನೆ. ಫೆಬ್ರವರಿ ಎರಡರ ಭಾನುವಾರ ಬೆಳಿಗ್ಗೆ ಐದಕ್ಕೆ ಇಲ್ಲಿಂದ ಹೊರಟು ಪಯ್ಯನ್ನೂರಿಗೆ ಹೋಗಿ ಬರಬೇಕು. ಒಟ್ಟು ಇನ್ನೂರು ಕಿಲೋಮೀಟರ್, ಹದಿಮೂರೂವರೆ ಗಂಟೆ. ಪಯ್ಯನ್ನೂರಿನಲ್ಲಿ ಹನ್ನೊಂದು ನಲ್ವತ್ತರ ಒಳಗೆ, ಸವಾರಿ ನಡೆಸುವವರು ಕೊಟ್ಟ ಕಾರ್ಡಿಗೆ ಸೀಲು ಹಾಕಿಸಬೇಕು. ತಡವಾದರೆ ಅಲ್ಲಿಗೇ ಮುಗಿಯಿತು. ಆ ಸೀಲು ಹಾಕುವ ಜಾಗ ನೀನು ಕಲಿಸುವ ಶಾಲೆಯ ಎದುರಿನ ಹೋಟೆಲು. ಅದನ್ನು ನೋಡಿಯೇ ನಾನು ಹೆಸರು ಕೊಟ್ಟದ್ದು. ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ.

ಗೇರಿನ ಸೈಕಲು ಕೊಟ್ಟು ಕಲಿಸುತ್ತಿರುವವನು ಹೊಸಂಗಡಿಯ ಹಲ್ಲಿನ ಡಾಕ್ಟರ್ ಮುನವ್ವರ್. ಕಾಲಿಗೆ ಬಲ ಉಂಟು, ಉಸಿರೂ ಉಂಟು. ತೊಂದರೆ ಬೇರೆ. ಯಾರದಾದರೂ ಮನೆಯ ಗೇಟು ಕಂಡರೆ ಸಾಕು, ನನ್ನ ಕೈ ತಾನಾಗಿ ಬ್ರೇಕ್ ಹಿಡಿಯುತ್ತದೆ, ಹೆಬ್ಬೆರಳು ಬೆಲ್ ಹೊಡೆಯುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ನೌಕರಿಯ ಗುಣವೂ ಹಾಗೆಯೇ.

ಮೊದಲ ದಿನವೇ ಆಚೆಮನೆಯ ಬೀವಿಯಮ್ಮ ಬೆಲ್ ಕೇಳಿ ಅಂಗಳಕ್ಕೆ ಬಂದರು.

“ಎಂತ ಉಂಟು ಪೋಸ್ಟ್?”

“ಎಂತದೂ ಇಲ್ಲ. ನಾನು ಪ್ರಾಕ್ಟೀಸಿಗೆ ಹೊರಟದ್ದು.”

“ಮತ್ತೆ ಬೆಲ್ ಎಂತಕ್ಕೆ ಹೊಡೆದದ್ದು? ನಮ್ಮ ಹುಸೈನಿನ ಕಾಗದ ಅಂತ ಒಲೆ ಮೇಲಿನ ಹಾಲು ಬಿಟ್ಟು ಬಂದೆ.”

ಹಾಲು ಉಕ್ಕಿತಂತೆ. ಅವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಕಾಞಂಗಾಡಿಗೆ ಹೋಗಿ ಬಂದ ದಿನ ಒಂದು ಗಂಟೆ ತಡವಾಯಿತು. “ಲೋಕಯ್ಯಣ್ಣ, ನಿಮ್ಮನ್ನು ಯಾರೂ ಕರೀಲಿಲ್ಲ ಮಾರಾಯ್ರೆ. ಪ್ರತಿ ಗೇಟಿಗೂ ಬ್ರೇಕ್ ಹಿಡಿದರೆ ಪಯ್ಯನ್ನೂರು ಮುಟ್ಟುವಾಗ ಸೋಮವಾರ ಆದೀತು,” ಎಂದ ಮುನವ್ವರ್ ಬೆಲ್ಲನ್ನೇ ಕಳಚಿ ತನ್ನ ಕಿಸೆಗೆ ಹಾಕಿಕೊಂಡ. ನಿನ್ನೆ ನೂರೈವತ್ತು ಕಿಲೋಮೀಟರ್ ಹೊತ್ತಿಗೆ ಸರಿಯಾಗಿ ಮುಗಿಸಿದೆ. ತುಂಬ ಸಂತೋಷವಾಯಿತು, ಮಗಳೆ.

ಸವಾರಿಯ ಚಡ್ಡಿ ಹಾಕಿ ಅಂಗಳಕ್ಕೆ ಇಳಿದರೆ ನಿನ್ನ ಅಮ್ಮ, “ಮೇಲಿಂದ ಒಂದು ಲುಂಗಿಯಾದರೂ ಸುತ್ತಿ, ನಾಲ್ಕು ಜನ ನೋಡುವ ರಸ್ತೆ,” ಎನ್ನುತ್ತಾಳೆ. ಹಾಗೆ ಬೈದವಳೇ ದಾರಿಗೆಂದು ಬಾಳೆಹಣ್ಣು, ಬೆಲ್ಲ ಕಟ್ಟಿಕೊಡುತ್ತಾಳೆ. ಭಾನುವಾರ ನಿನಗೂ ಒಂದು ಕಟ್ಟು ಕೊಡುತ್ತಾಳಂತೆ. ನೀನು ಆ ಹೋಟೆಲಿಗೆ ಬಂದರೂ ಬರದಿದ್ದರೂ ನಾನು ಹೊತ್ತುಕೊಂಡು ಬರಬೇಕಂತೆ.

ನಿನಗೂ ಅಳಿಯನಿಗೂ ದೇವರು ಒಳ್ಳೆಯದು ಮಾಡಲಿ. ಅಳಿಯ ಎಂದು ಬರೆದದ್ದು ಇದೇ ಮೊದಲು. ಬರೆಯಲು ಕಷ್ಟವೇನೂ ಆಗಲಿಲ್ಲ.

ಇತಿ ನಿನ್ನ ಅಪ್ಪ,
ಲೋಕಯ್ಯ

ಲಕೋಟೆ ಅಂಟಿಸುವ ಮೊದಲು ಇಷ್ಟು: ಮದುವೆಗೆ ಹದಿನೈದು ದಿನ ಇರುವಾಗ ನೀನು ರಿಜಿಸ್ಟರ್ ಮಾಡಿ ಕಳಿಸಿದ ಪತ್ರ ನನ್ನ ಚೀಲಕ್ಕೇ ಬಂದಿತ್ತು. ನನ್ನನ್ನು ಕೇಳದೆ ನಿಶ್ಚಯಿಸಿದೆಯಲ್ಲ ಎಂಬ ಸಿಟ್ಟು ನನಗೆ. ಅಮ್ಮನಿಗೆ ತೋರಿಸಲಿಲ್ಲ. ‘ವಿಳಾಸದಾರರು ಸ್ವೀಕರಿಸಲಿಲ್ಲ’ ಎಂದು ನಾನೇ ಬರೆದು, ಪೋಸ್ಟ್‌ಮ್ಯಾನ್ ಎಂದು ನಾನೇ ಸಹಿ ಹಾಕಿ ವಾಪಸು ಕಳಿಸಿದೆ. ನನ್ನ ಅಕ್ಷರ ನಿನಗೆ ಗುರುತು ಸಿಗದಿರುತ್ತದೆಯೇ? ಊರಿನ ಎಲ್ಲ ಗೇಟಿಗೂ ನಿಂತ ಸೈಕಲು ಅಂದು ನಮ್ಮ ಗೇಟಿಗೆ ನಿಲ್ಲಲಿಲ್ಲ. ಆ ಲಕೋಟೆ ಇನ್ನೂ ಇದ್ದರೆ ಭಾನುವಾರ ತೆಗೆದುಕೊಂಡು ಬಾ. ಸಹಿ ಹಾಕಿ ತೆಗೆದುಕೊಳ್ಳುತ್ತೇನೆ.